ವೀಗನ್ ಆದಮೇಲೆ ಕಾಫಿಯನ್ನೂ ಬಿಡಬೇಕಾ?

ಪ್ರಶ್ನೆ: ನಾನು ವೀಗನ್. ಹಾಲು, ಮೊಟ್ಟೆ, ಜೇನು ಎಲ್ಲ ಬಿಟ್ಟಿದ್ದೇನೆ. ಕಾಫಿ ಮಾತ್ರ ಬಿಟ್ಟಿಲ್ಲ, ಹಾಲು ಹಾಕದೆ ಕುಡಿಯುತ್ತೇನೆ. "ಒಂದು ಕಪ್ಪಿಗೆ ನೂರಕ್ಕೂ ಹೆಚ್ಚು ಲೀಟರ್ ನೀರು ಹೋಗುತ್ತೆ, ಕಾಫಿಗೋಸ್ಕರ ಕಾಡು ಕಡಿಯುತ್ತಾರೆ, ನೀನೆಂಥ ವೀಗನ್?" ಅಂತ ಗೆಳತಿ ಕೇಳಿದಳು. ಏನು ಹೇಳಬೇಕೋ ತೋಚಲಿಲ್ಲ. ಕಾಫಿ ಬಿಟ್ಟುಬಿಡಬೇಕಾ?

ಉತ್ತರ: ಬಿಡಬೇಕಾಗಿಲ್ಲ. ಆದರೆ ಗೆಳತಿಯ ಮಾತನ್ನು ತಳ್ಳಿಹಾಕಬೇಡಿ. ನೀರಿನ ವಿಷಯದಲ್ಲಿ ಅವರದು ಅರ್ಧ ಸರಿ, ಕಾಡಿನ ವಿಷಯದಲ್ಲಿ ಪೂರ್ತಿ ಸರಿ.

ಒಂದು ಕಪ್ ಕಾಫಿಗೆ ಸುಮಾರು 130ರಿಂದ 140 ಲೀಟರ್ ನೀರು ಅನ್ನುವ ಲೆಕ್ಕ ಇದೆ. ಅದರಲ್ಲಿ ಬಹುಪಾಲು ಗಿಡದ ಮೇಲೆ ಬಿದ್ದ ಮಳೆ. ತೋಟ ಇಲ್ಲದಿದ್ದರೂ ಆ ಮಳೆ ಅಲ್ಲಿ ಬೀಳುತ್ತಿತ್ತು, ಅಲ್ವಾ? ಹಾಗಾಗಿ ಆ ಅಂಕಿಗೆ ಸುಮ್ನೆ ಹೆದರಬೇಡಿ. ಯೋಚಿಸಬೇಕಾದದ್ದು ಹಣ್ಣು ತೊಳೆದ ನೀರಿನ ಬಗ್ಗೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಬೀಜಕ್ಕೆ ಅಂಟಿದ ಲೋಳೆಯನ್ನು ತೊಳೆದು ತೆಗೆಯುತ್ತಾರೆ. ಆ ನೀರನ್ನು ಶುದ್ಧ ಮಾಡದೆ ಹಳ್ಳಕ್ಕೆ ಬಿಟ್ಟರೆ ಅದರಲ್ಲಿರುವ ಸಿಹಿ, ಲೋಳೆ ಎಲ್ಲ ಕೊಳೆಯುತ್ತಾ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ. ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಹಣ್ಣನ್ನು ಇಡಿಯಾಗಿ ಬಿಸಿಲಿಗೆ ಒಣಗಿಸುವ ಕ್ರಮದಲ್ಲಿ ಈ ತೊಳೆಯುವ ಕೆಲಸವೇ ಇಲ್ಲ. ಪ್ಯಾಕೆಟ್ ಮೇಲೆ ಸಂಸ್ಕರಣೆ 'ನ್ಯಾಚುರಲ್' ಅಂತ ಇದ್ದರೆ ಅದು ಹಾಗೆ ಒಣಗಿಸಿದ್ದು.

ಇನ್ನು ಕಾಡು. ನನ್ನ ಪ್ರಕಾರ ವೀಗನ್ ಆದವರು ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ. ಅರೇಬಿಕಾ ಜಾತಿಯ ಕಾಫಿ ಮೂಲದಲ್ಲಿ ಇಥಿಯೋಪಿಯಾದ ಕಾಡುಗಳಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆದ ಗಿಡ. ಅದಕ್ಕೆ ನೆರಳು ಒಗ್ಗುತ್ತದೆ. ನೆರಳಿನ ತೋಟದಲ್ಲಿ ಮರ ಉಳಿಯುತ್ತದೆ, ಮರ ಇದ್ದಲ್ಲಿ ಹಕ್ಕಿಗಳೂ ಇರುತ್ತವೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಲ್ಯಾಟಿನ್ ಅಮೆರಿಕದ ಎಷ್ಟೋ ಕಡೆ ಇಳುವರಿಗಾಗಿ ಮರ ತೆಗೆದು, ಬಯಲಲ್ಲಿ ಒತ್ತೊತ್ತಾಗಿ ಕಾಫಿ ನೆಟ್ಟರು. ಫಸಲು ಹೆಚ್ಚಿತು. ರಸಗೊಬ್ಬರ, ಕೀಟನಾಶಕದ ಬಳಕೆಯೂ ಜಾಸ್ತಿಯಾಯಿತು. ಕಾಯಿ ಕೊರೆಯುವ ದುಂಬಿಯನ್ನೇ ನೋಡಿ. ಎಳ್ಳುಕಾಳಿಗಿಂತ ಚಿಕ್ಕದು. ಹೆಣ್ಣು ದುಂಬಿ ಕಾಯಿಯ ತುದಿಯಲ್ಲಿ ತೂತು ಕೊರೆದು ಒಳಗೆ ಹೋಗಿ, ಬೀಜದಲ್ಲೇ ಮೊಟ್ಟೆಯಿಡುತ್ತದೆ. ಇದನ್ನು ಕೊಲ್ಲಲು ಹಲವು ದೇಶಗಳಲ್ಲಿ ಎಂಡೋಸಲ್ಫಾನ್ ಹೊಡೆಯುತ್ತಿದ್ದರು. ಆ ವಿಷವನ್ನು 2011ರಲ್ಲಿ, ಬೇಗ ಕರಗಿಹೋಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿ, ಜಗತ್ತಿನಾದ್ಯಂತ ನಿಲ್ಲಿಸಬೇಕೆಂದು ತೀರ್ಮಾನಿಸಿದರು. ಇದೇ ದುಂಬಿಯನ್ನು ಹಕ್ಕಿಗಳು ಹೆಕ್ಕಿ ತಿನ್ನುತ್ತವೆ. ಮರ ಕಡಿದಾಗ ಆ ಹಕ್ಕಿಗಳನ್ನೇ ಓಡಿಸಿದ ಹಾಗಾಯಿತು.

ಆದ್ದರಿಂದ ಕೊಳ್ಳುವಾಗ ನೆರಳಲ್ಲಿ ಬೆಳೆದ ಕಾಫಿ ಹುಡುಕಿ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ 'ಬರ್ಡ್ ಫ್ರೆಂಡ್ಲಿ' ಗುರುತು ಈ ವಿಷಯದಲ್ಲಿ ಬಿಗಿಯಾದದ್ದು. ಕಾಫಿ ಸಾವಯವ ಆಗಿರಲೇಬೇಕು, ತೋಟದ ಶೇ. 40ರಷ್ಟಾದರೂ ಮರಗಳ ನೆರಳಿರಬೇಕು. ಸಾವಯವ ತೋಟಕ್ಕೆ ಸಗಣಿ ಗೊಬ್ಬರವೋ ಮೂಳೆಪುಡಿಯೋ ಹಾಕಿರಬಹುದಲ್ಲ ಎಂದು ನೀವು ಕೇಳಬಹುದು. ಹೌದು, ಹಾಕಿರಬಹುದು. ಅಕ್ಕಿ, ತರಕಾರಿಗೂ ಇದೇ ಮಾತು. ಸಾಮಾನ್ಯವಾಗಿ ಗೊಬ್ಬರಕ್ಕೆಂದೇ ಹಸು ಸಾಕುವುದಿಲ್ಲ, ಆದರೆ ಕಡಿದ ಮರದಲ್ಲಿದ್ದ ಗೂಡು ಮತ್ತೆ ಬರುವುದಿಲ್ಲ. ನಾನಂತೂ ನೆರಳಿನ ಕಾಫಿಯನ್ನೇ ಆರಿಸುತ್ತೇನೆ. 1944ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ವೀಗನ್ ಸೊಸೈಟಿ ಕೂಡ ಪ್ರಾಣಿಗಳ ಶೋಷಣೆಯನ್ನು 'ಸಾಧ್ಯವಾದ ಮಟ್ಟಿಗೆ, ಆಚರಣೆಗೆ ಬರುವ ಮಟ್ಟಿಗೆ' ದೂರವಿಡಿ ಎಂದೇ ಹೇಳುತ್ತದೆ.

ಹಣ್ಣು ಕೀಳುವವರನ್ನು ಮರೆಯಬೇಡಿ. ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್‌ನಲ್ಲಿ, ಜೀತದಂಥ ಸ್ಥಿತಿಯಲ್ಲಿದ್ದ ಕೂಲಿಗಳನ್ನು ಕಾರ್ಮಿಕ ಇಲಾಖೆಯ ಅಧಿಕಾರಿಗಳು ತೋಟಗಳಿಂದ ಬಿಡಿಸಿ ತಂದಿದ್ದಾರೆ, ಒಂದೆರಡು ಸಲವಲ್ಲ. ಪ್ರಾಣಿಯ ನೋವು ನೋಡಲಾಗದೆ ಹಾಲು ಬಿಟ್ಟವರಿಗೆ ಇದು ಬೇರೆಯವರ ವಿಷಯ ಅನ್ನಿಸಬಾರದು. ತೋಟದ ಹೆಸರು, ರೈತರಿಗೆ ಸಿಕ್ಕ ಬೆಲೆ ತಿಳಿಸುವ ಮಾರಾಟಗಾರರು ಈಗ ಇದ್ದಾರೆ. ಅಂಥವರಿಂದ ಕೊಳ್ಳಿ.

ಮತ್ತೆ, ಹಾಲು ಬಿಟ್ಟದ್ದು ಸಣ್ಣ ವಿಷಯವಲ್ಲ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಒಂದು ಲೀಟರ್ ಹಸುವಿನ ಹಾಲಿಗೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ. ಸೋಯಾ, ಓಟ್ಸ್ ಹಾಲಿಗೆ ಸುಮಾರು 1 ಕಿಲೋ.

ಪ್ರಶ್ನೆ: ಕಾಫಿ ಪುಡಿಯಲ್ಲೇ ಪ್ರಾಣಿಯ ಅಂಶ ಇರುವ ಸಾಧ್ಯತೆ ಇದೆಯೇ?

ಉತ್ತರ: ಬರೀ ಹುರಿದ ಪುಡಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆಗ್ನೇಯ ಏಷ್ಯಾದ ಕೆಲವು ಕಡೆ ಬೀಜವನ್ನು ಬೆಣ್ಣೆ, ಸಕ್ಕರೆ ಹಾಕಿ ಹುರಿಯುತ್ತಾರೆ, ಅದನ್ನು ಗಮನಿಸಿ. ಹಾಲಿನ ಬದಲು ಕಾಫಿಗೆ ಬೆರೆಸುವ 'ನಾನ್ ಡೈರಿ ಕ್ರೀಮರ್' ಹೆಸರಿಗೆ ಮೋಸಹೋಗಬೇಡಿ. ಅದರಲ್ಲಿ ಸೋಡಿಯಂ ಕೇಸಿನೇಟ್ ಇದ್ದರೆ ಅದು ಹಾಲಿನದೇ ಪ್ರೋಟೀನ್.

ಪೂರ್ತಿ ದೂರ ಇಡಬೇಕಾದದ್ದು ಕೋಪಿ ಲುವಾಕ್, ಅಂದರೆ ಪುನುಗು ಬೆಕ್ಕಿನ ಕಾಫಿ. ರಾತ್ರಿ ಒಂಟಿಯಾಗಿ ಅಲೆದು, ಹಣ್ಣು, ಹುಳ, ಇಲಿ ತಿಂದು ಬದುಕುವ ಪ್ರಾಣಿ ಇದು. ಇಂಡೋನೇಷ್ಯಾದಲ್ಲಿ ಇದನ್ನು ಹಿಡಿದು ತಂತಿಯ ಪಂಜರದಲ್ಲಿ ಕೂಡಿಹಾಕಿ ಕಾಫಿ ಹಣ್ಣು ತಿನ್ನಿಸುತ್ತಾರೆ, ಹಿಕ್ಕೆಯಿಂದ ಬೀಜ ಆರಿಸುತ್ತಾರೆ. ಪ್ಯಾಕೆಟ್ ಮೇಲೆ 'ಕಾಡಿನಲ್ಲಿ ಸಿಕ್ಕಿದ್ದು' ಎಂದು ಬರೆದಿದ್ದರೂ ಕೊಳ್ಳಬೇಡಿ. ಬೀಜ ಕಾಡಿನದೋ ಪಂಜರದ್ದೋ ಎಂದು ಅದನ್ನು ನೋಡಿ ಹೇಳುವುದು ನಿಮ್ಮಿಂದಾಗಲಿ ಅಂಗಡಿಯವರಿಂದಾಗಲಿ ಆಗುವ ಕೆಲಸವಲ್ಲ.