ಕೆಎಲ್ ಬೋಟು, ಕೆಎ ಬೋಟು

ಕೇರಳದ ನಮ್ಮ ಮಂಜೇಶ್ವರದಿಂದ ಕರ್ನಾಟಕದ ಉಳ್ಳಾಲ ಇಷ್ಟು ಹತ್ತಿರ, ಹಾಗಿದ್ದೂ ಬೋಟಿನವರು ಆ ಕಡೆ ಬಲೆ ಹಾಕಲು ಯಾಕೆ ಹೆದರುತ್ತಾರೆ ಎಂದು ಕೇಳಿದಿರಿ ಅಲ್ವಾ? ಬೋಟಿನ ಮೇಲೆ ಬರೆದ ನಂಬರ್ ನೋಡಿ. ನನ್ನ ತಮ್ಮನದ್ದರಲ್ಲಿ ಐಎನ್‌ಡಿ ಆದ ಮೇಲೆ ಕೆಎಲ್ ಇದೆ, ಅಂದರೆ ಕೇರಳ. ಉಳ್ಳಾಲದ ಮಾವನದ್ದರಲ್ಲಿ ಕೆಎ, ಅಂದರೆ ಕರ್ನಾಟಕ.

ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ತನಕ ಮೀನುಗಾರಿಕೆ ರಾಜ್ಯದ ಕೈಯಲ್ಲಿದೆ. ಅದರಾಚೆ ಕೇಂದ್ರದ್ದು. ಕೇರಳದ ಕಾಯ್ದೆ 1980ರದ್ದು, ಕರ್ನಾಟಕದ್ದು 1986ರದ್ದು. ಬೋಟಿನ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಆನ್‌ಲೈನ್ ವ್ಯವಸ್ಥೆ ಇದೆ, ಆದರೆ ಮೀನು ಹಿಡಿಯುವ ಲೈಸೆನ್ಸ್ ಆಯಾ ರಾಜ್ಯದ್ದೇ ಬೇಕು. ತಲಪಾಡಿ ರಸ್ತೆಯಲ್ಲಿ ಗಡಿ ಕಣ್ಣಿಗೆ ಕಾಣುತ್ತದೆ. ನೀರಿನಲ್ಲಿ ಜಿಪಿಎಸ್ ನೋಡಿಯೇ ತಿಳಿಯಬೇಕು.

ಜೂನ್‌ನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಇಳಿಯುವ ಹಾಗಿಲ್ಲ. ಕೇರಳದಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟುಗಳಿಗೆ ನಿಷೇಧ 52 ದಿನ, ಜೂನ್ 9ರ ನಡುರಾತ್ರಿಯಿಂದ. ಮಾವನ ಬಲೆ ಮಾಡಿನಡಿ ಸೇರಿದ ಮೇಲೂ ಒಂಬತ್ತು ದಿನ ಈ ಕಡೆ ಟ್ರಾಲ್ ಬೋಟು ಹೋಗುತ್ತಿರುತ್ತದೆ. ಅದೂ 12 ಮೈಲಿನೊಳಗೆ ಮಾತ್ರ, ಆಚೆ ಕೇಂದ್ರದ ನಿಷೇಧ ಜೂನ್ 1ಕ್ಕೇ ಶುರು. ಮಾವನಿಗೆ ಪ್ರತಿ ವರ್ಷ ಹೊಟ್ಟೆ ಉರಿಯುತ್ತದೆ. ಅವರ ಮಾತು ಸರಿ. ಎರಡೂ ಕಡೆಗೆ ಒಂದೇ ತಾರೀಕು ಬೇಕು.

ಗಾತ್ರದ ನಿಯಮ ಮಾತ್ರ ನನಗೆ ಪೂರ್ತಿ ಒಪ್ಪಿಗೆ. ಕೇರಳದಲ್ಲಿ 10 ಸೆಂಟಿಮೀಟರ್‌ಗಿಂತ ಸಣ್ಣ ಬೂತಾಯಿ, 14ಕ್ಕಿಂತ ಸಣ್ಣ ಬಂಗುಡೆ ಹಿಡಿಯುವಂತಿಲ್ಲ. ನನ್ನ ತಮ್ಮ ಬೂತಾಯಿಯ ತಲೆಯನ್ನು ಮಣಿಕಟ್ಟಿಗೆ ಇಟ್ಟು ಅಂಗೈ ಮೇಲೆ ಮಲಗಿಸುತ್ತಾನೆ. ಬಾಲ ನಡುಬೆರಳಿನ ಬುಡ ಮುಟ್ಟಬೇಕು. ಮುಟ್ಟದಿದ್ದರೆ ಆ ಜಾಗ ಬಿಟ್ಟು ಮುಂದೆ ಹೋಗುತ್ತಾನೆ.

ನಮಗೆ ನಿಜವಾದ ಕಷ್ಟ ಕಾಗದದ್ದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಒಮ್ಮೆ ಲೈಸೆನ್ಸ್ ನವೀಕರಣದ ಅರ್ಜಿ ಮಲಯಾಳದಲ್ಲಿ ಕೊಟ್ಟರು. ತಮ್ಮ ಮಲಯಾಳ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಬಲೆಯ ಕಣ್ಣಿನ ಅಳತೆ ಬರೆಯುವಲ್ಲಿ ಇಂಜಿನ್ನಿನ ಎಚ್‌ಪಿ ಬರೆದ. ಅರ್ಜಿ ವಾಪಸ್ ಬಂತು. ಹದಿನೈದು ದಿನ ಬೋಟು ಸುಮ್ನೆ ದಡದಲ್ಲಿ ಬಿದ್ದಿತ್ತು. ಕನ್ನಡದವರೇ ಇಷ್ಟು ಜನ ಇರುವ ಊರಿನಲ್ಲಿ ಅರ್ಜಿ ಕನ್ನಡದಲ್ಲೂ ಕೊಡಬೇಕಲ್ವಾ? ಈಗ ಪಕ್ಕದ ಮನೆಯ ಹುಡುಗಿ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತಾಳೆ. ಪಕ್ಕದಲ್ಲಿ ಕೂತು ತಮ್ಮ ತುಂಬಿಸುತ್ತಾನೆ.