ಎರೆ ಭೂಮಿ ಮ್ಯಾಲಿನ ರಸ್ತಿ ಯಾಕ ಸೀಳತೈತಿ?

ಪ್ರಶ್ನೆ: ಸರ್, ನಮ್ಮದು ಗದಗ ಕಡೆ ಹಳ್ಳಿ, ಪೂರಾ ಎರೆ ಭೂಮಿ. ಹೊಸ ಡಾಂಬರು ರಸ್ತಿ ಎರಡು ಮಳಿಗಾಲದಾಗ ಉದ್ದಕ ಸೀಳೈತಿ, ಅಂಚು ಕುಸಿದಾವ. ಡಾಂಬರು ಕಡಿಮಿ ಹಾಕ್ಯಾರೇನು?

ಉತ್ತರ: ಇರಬಹುದು, ಆದ್ರೆ ಉದ್ದುದ್ದ ಬಿರುಕು ಅಂದ್ರೆ ನಾನು ಮೊದಲು ಕೆಳಗಿನ ಮಣ್ಣನ್ನೇ ಅನುಮಾನಿಸೋದು. ಎರೆ ಮಣ್ಣಲ್ಲಿರೋ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ನೀರು ಕುಡಿದ್ರೆ ಉಬ್ಬುತ್ತೆ, ಬೇಸಿಗೇಲಿ ಕುಗ್ಗುತ್ತೆ, ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ನೀವೇ ನೋಡಿರ್ತೀರಿ, ರಸ್ತೆ ಅಂಚಲ್ಲಿ ಈ ಒದ್ದೆ-ಒಣ ಆಟ ಜಾಸ್ತಿ ಆಗೋದ್ರಿಂದ ಸೀಳೋದೂ ಅಲ್ಲಿಂದ್ಲೇ ಶುರು. ಇದಕ್ಕೆ ಒಳ್ಳೇ ಮದ್ದು ಸುಣ್ಣ. ಡಾಂಬರಿಗೂ ಜಲ್ಲಿಗೂ ಮೊದಲೇ ಮಣ್ಣು ಕೆದರಿ, ಹೆಂಟೆ ಒಡೆದು, ಸಾಮಾನ್ಯವಾಗಿ ಒಣ ಮಣ್ಣಿನ ತೂಕದ 3ರಿಂದ 5 ಪರ್ಸೆಂಟ್ ಅರಳಿದ ಸುಣ್ಣ ಬೆರೆಸಿ (ಸರಿಯಾದ ಲೆಕ್ಕ ಲ್ಯಾಬ್ ಟೆಸ್ಟೇ ಹೇಳಬೇಕು), ಹದವಾಗಿ ನೀರು ಹಾಕಿ ರೋಲರ್ ಓಡಿಸಿ, ಒಂದು ವಾರ ಒಣಗದಂಗೆ ಕ್ಯೂರಿಂಗ್ ಮಾಡಬೇಕು. ಹೆಂಟೆ ಹಂಗೇ ಉಳಿದ್ರೆ ಸುಣ್ಣ ಒಳಗೆ ಹೋಗೋದೇ ಇಲ್ಲ, ಅವಸರದಲ್ಲಿ ಕೆಲಸ ಕೆಡೋದು ಇಲ್ಲೇ, ದಯವಿಟ್ಟು ನಿಂತು ನೋಡಿ. ಹತ್ತಿರ ಒಳ್ಳೇ ಗರಸು ಸಿಗೋದಾದ್ರೆ ಮೇಲಿನ ಎರೆ ತೆಗೆದು ಅದನ್ನ ತುಂಬಿಸಿದ್ರೂ ನಡೆಯುತ್ತೆ. ಈಗಿರೋ ರಸ್ತೆಗೆ, ಮಳೆಗೆ ಮುಂಚೆ ಬಿರುಕು ಮುಚ್ಚಿಸಿ, ಎರಡೂ ಕಡೆ ಚರಂಡಿ ತೋಡಿಸಿ ನೀರು ನಿಲ್ಲದಂಗೆ ನೋಡ್ಕೊಳ್ಳಿ.