ಬೇಟೆಗಾರ್ತಿ ಅರಮನೆ ಹೊಕ್ಕ ಮೇಲೆ

ಪ್ರಶ್ನೆ: ನನ್ನ ಫ್ಯಾಂಟಸಿ ಕಾದಂಬರಿಯ ನಾಯಕಿ ಹದಿನೇಳರ ರಾಕ್ಷಸ ಬೇಟೆಗಾರ್ತಿ. ರಾಜಧಾನಿಯ ಒಳಸಂಚಿಗೆ ಸಿಕ್ಕಿಕೊಂಡ ಮೇಲೆ ಬರೀ ಮಾತುಕತೆ, ರಾಕ್ಷಸರೇ ಮಾಯ. ಏನು ಮಾಡಲಿ?
– ಓದುಗರು, ಬಸವನಗುಡಿ

ಉತ್ತರ: ಬೇಟೆಯೂ ರಾಜಕೀಯವೂ ಎರಡು ಕಥೆಗಳಾಗಿರುವುದೇ ತೊಂದರೆ. ಮೊದಲು ಒಂದನ್ನು ತೀರ್ಮಾನಿಸಿ: ತಲೆಗಿಷ್ಟು ಅಂತ ಬಹುಮಾನದ ದುಡ್ಡು ಕೊಡುವವರು ಯಾರು? ಕೆರೆಯಲ್ಲಿ ರಾಕ್ಷಸ ಇರುವತನಕ ನೀರು ಮಾರಿ ಬದುಕುವವನಿಗೆ ಅದು ಸಾಯಬಾರದು. ಸಂಚು ಅಲ್ಲೇ ಹುಟ್ಟುತ್ತದೆ.

ನಗರಕ್ಕೆ ಮಾದರಿ ನಿಮ್ಮ ಪಕ್ಕದಲ್ಲೇ ಇದೆ. ಹಳೇ ಬೆಂಗಳೂರಿನಲ್ಲಿ ಪೇಟೆ ಬೇರೆ, ಕೋಟೆ ಬೇರೆ. ಎರಡಕ್ಕೂ ಅದರದರ ರಕ್ಷಣೆ. 1791ರ ಮಾರ್ಚಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಮೊದಲು ಪೇಟೆಯನ್ನು ಹಿಡಿಯಿತು, ಕೋಟೆ ಬಿದ್ದದ್ದು ಆಮೇಲೆ. ಅಕ್ಕಿಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂದು ಕಸುಬಿಗೊಂದು ಕೇರಿ. ರಾತ್ರಿ ಬಾಗಿಲು ಹಾಕಿದ ಮೇಲೆ ರಾಕ್ಷಸ ಪೇಟೆಯಲ್ಲಿದ್ದರೆ ಕೋಟೆಯವರು ಬಾಗಿಲು ತೆರೆಯುತ್ತಾರಾ? ಇದೊಂದೇ ಪ್ರಶ್ನೆ ನಾಲ್ಕು ಅಧ್ಯಾಯ ಎಳೆಯುತ್ತದೆ.

ಬಣಗಳು ಮೂರು ಸಾಕು. ಪ್ರತಿ ಬಣಕ್ಕೂ ಬೇಕಾದದ್ದು, ಹೆದರಿಕೆ, ಗೊತ್ತಿರುವ ಗುಟ್ಟು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. ಐದಾದರೆ ಓದುಗರಿಗೆ ಹೆಸರುಗಳೇ ಕಲಸಿಹೋಗುತ್ತವೆ.

ಕಂಬದ ಹಿಂದೆ ನಿಂತು ಕದ್ದು ಕೇಳಿಸಿಕೊಳ್ಳುವ ದೃಶ್ಯ ದಯವಿಟ್ಟು ಬೇಡ. ಹುಡುಗಿಗೆ ಗೊತ್ತಿರುವುದು ಗಾಯ, ಹೆಜ್ಜೆಗುರುತು. ಸತ್ತ ಮಂತ್ರಿಯ ಕುತ್ತಿಗೆಯ ಗಾಯ ಹಲ್ಲಿನದಲ್ಲ, ಕೊಡಲಿಯದು ಎಂದು ಅವಳೊಬ್ಬಳೇ ಗುರುತಿಸಲಿ. ಹಾಗಾಗಲು ನಿಜವಾದ ಹಲ್ಲಿನ ಗಾಯವನ್ನು ಓದುಗರು ಮೊದಲ ಎರಡು ಬೇಟೆಗಳಲ್ಲೇ ನೋಡಿರಬೇಕು.